ಹಳೆಯ ಝೆನ್ ಸೋರುತ್ತಿದ್ದದ್ದು ಎಲ್ಲಿಂದ?

ಮಲ್ಪೆಯಂಥ ಕಡಲಬದಿಯಲ್ಲಿ ಹಳೆಯ ಕಾರು ಇಟ್ಟುಕೊಂಡರೆ ಎಂಜಿನ್‌ಗಿಂತ ಮೊದಲು ಪೈಪು, ಕ್ಲಿಪ್ಪುಗಳೇ ಕೈಕೊಡುತ್ತವೆ. ನನ್ನ 2001ರ ಮಾರುತಿ ಝೆನ್‌ನಲ್ಲಿ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಇಳಿಯುತ್ತಲೇ ಇತ್ತು. ಜೊತೆಗೆ ಬೆಳಿಗ್ಗೆ ಹೊತ್ತು ಪೆಟ್ರೋಲ್ ವಾಸನೆ. ರೇಡಿಯೇಟರ್, ವಾಟರ್ ಪಂಪ್, ಹೋಸ್, ಪೆಟ್ರೋಲ್ ಟ್ಯಾಂಕ್ ಎಲ್ಲ ಬದಲಿಸಬೇಕು ಅಂತ ಒಂದು ಗ್ಯಾರೇಜಿನವರು ಹೇಳಿದರು. ಅಷ್ಟು ದುಡ್ಡಿಗೆ ಇನ್ನೊಂದು ಹಳೇ ಕಾರೇ ಬರುತ್ತಿತ್ತು. ಸೋರುವ ಜಾಗ ಕಣ್ಣಿಗೆ ಬೀಳುವ ತನಕ ಒಂದು ಪಾರ್ಟೂ ತರುವುದಿಲ್ಲ ಅಂತ ಗಟ್ಟಿ ಮಾಡಿಕೊಂಡೆ.

ಪರಿಚಯದ ಮೆಕ್ಯಾನಿಕ್ ಹತ್ತಿರ, ಗಾಳಿ ಒತ್ತಿ ಸೋರಿಕೆ ಪತ್ತೆಹಚ್ಚುವ ಪ್ರೆಶರ್ ಟೆಸ್ಟರ್ ಕೇಳಿ ತಂದೆ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಅಲ್ಲಿ ಇದನ್ನು ಕೂರಿಸಿ, ಮುಚ್ಚಳದ ಮೇಲೆ ಗುರುತು ಹಾಕಿದ್ದ 0.9ರ ಒತ್ತಡದಷ್ಟೇ ಪಂಪ್ ಹೊಡೆದೆ. ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಟಾರ್ಚ್ ಬಿಟ್ಟು ನೋಡಿದರೆ ಕೆಳಗಿನ ಹೋಸಿನ ತುದಿಯಲ್ಲಿ, ತುಕ್ಕು ಹಿಡಿದ ಕ್ಲಿಪ್ಪಿನ ಅಡಿ ಪಸೆ. ವಾಟರ್ ಪಂಪಿನ ಸಣ್ಣ ತೂತಿನಿಂದ ಕೆಳಕ್ಕೆ ಹಸಿರು-ಬಿಳಿ ಗೆರೆ, ಅದರ ತುದಿಯಲ್ಲಿ ತೂಗುತ್ತಿದ್ದ ಹನಿ. ಆ ತೂತು ಇರುವುದೇ ಇದಕ್ಕೆ: ಒಳಗಿನ ಸೀಲ್ ಹೋದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬರಲಿ ಅಂತ. ಅದಕ್ಕೆ ಎಂ-ಸೀಲ್ ಮೆತ್ತುವವರಿದ್ದಾರೆ, ದಯವಿಟ್ಟು ಬೇಡ. ಪಂಪ್ ಬದಲಿಸಲು, ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಬಿಚ್ಚಲೇಬೇಕಾದ್ದರಿಂದ ಅದನ್ನೂ ಹೊಸದು ಹಾಕಿಸಿದೆ, ಕೂಲಿ ಒಂದೇ. ರೇಡಿಯೇಟರ್ ಒಂದು ಹನಿಯೂ ಬಿಟ್ಟಿರಲಿಲ್ಲ, ಹಳೆಯದೇ ಉಳಿಯಿತು.

ನಮ್ಮ ಕಡೆ ರೇಡಿಯೇಟರಿನಲ್ಲಿ ನೀರು ಕಡಿಮೆಯಾದರೆ ಬಾವಿಯಿಂದಲೇ ಸುರಿಯುವ ಅಭ್ಯಾಸ. ಕಡಲ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ, ಆ ನೀರು ಅಲ್ಯೂಮಿನಿಯಂ ತಿನ್ನುತ್ತದೆ. ನಾನು ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿದೆ.

ಪೆಟ್ರೋಲಿನ ಕೆಲಸಕ್ಕೆ ಮಾತ್ರ ನಾನು ಕೈ ಹಾಕಲಿಲ್ಲ. ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡೂ ಹೋಗಲಿಲ್ಲ, ಮೆಕ್ಯಾನಿಕನ್ನೇ ಮನೆಗೆ ಕರೆಸಿದೆ. ಅಂಗಳದಲ್ಲಿ, ಹಗಲು ಬೆಳಕಲ್ಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಜಾಯಿಂಟಿಗೆ ಬಟ್ಟೆ ಸುತ್ತಿ ಲೈನಿನ ಒತ್ತಡ ಇಳಿಸಿದರು. ಟ್ಯಾಂಕಿನ ಬಳಿಯ ರಬ್ಬರ್ ಹೋಸ್ ಬಗ್ಗಿಸಿದ ಕೂಡಲೇ ಸೀಳು ಬಾಯಿಬಿಟ್ಟಿತು. ಟ್ಯಾಂಕ್ ಗಟ್ಟಿಯಾಗಿಯೇ ಇತ್ತು. ಈಗ ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಾಳುವುದು ಕಷ್ಟ. ಹಾಗಾಗಿ ಇಂಜೆಕ್ಷನ್ ಗಾಡಿಗೆಂದೇ ಬರುವ, ಆರ್9 ಎಂದು ಅಚ್ಚಾದ ಹೋಸನ್ನೇ ಕೇಳಿ ತರಿಸಿದೆ. ಮಾಮೂಲಿ ನೀರಿನ ಪೈಪು ಇಲ್ಲಿ ಹಾಕಲೇಬಾರದು, ಬೆಂಕಿಗೆ ದಾರಿ.

ಇನ್ನು ಉಳಿದದ್ದು ಕಾರಿನಡಿಯ ಕಬ್ಬಿಣದ ಪೆಟ್ರೋಲ್ ಲೈನ್. ಬ್ರಾಕೆಟ್ ಹಿಡಿದಿರುವ ಕಡೆ ತುಕ್ಕು ಕಾಣುತ್ತಿದೆ. ಮಳೆಗಾಲಕ್ಕೆ ಮುಂಚೆ ಅದನ್ನೂ ಬದಲಿಸುತ್ತೇನೆ.