ಮಂಡಿ ಸವೆತದ ನೋವಿಗೆ ವ್ಯಾಯಾಮ: ಯಾವುದು, ಎಷ್ಟು, ಯಾವಾಗ ನಿಲ್ಲಿಸಬೇಕು

ಎಕ್ಸ್‌ರೇ ನೋಡಿ ‘ಮಂಡಿ ಸವೆದಿದೆ’ ಎಂದು ಹೇಳಿಸಿಕೊಂಡವರು ಸಾಮಾನ್ಯವಾಗಿ ಮೊದಲು ಮಾಡುವುದು ಓಡಾಟ ಕಡಿಮೆ ಮಾಡುವುದನ್ನೇ. ನಡೆದಷ್ಟೂ ಇನ್ನಷ್ಟು ಸವೆಯುತ್ತದೆ ಎಂಬ ಭಯ. ಆದರೆ ಕೀಲು ಹಾಗೆ ಕೆಲಸ ಮಾಡುವುದಿಲ್ಲ. ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲೂರಿದಾಗ ಅದುಮಿಕೊಂಡು, ಎತ್ತಿದಾಗ ಸಡಿಲಗೊಂಡು, ಕೀಲಿನೊಳಗಿನ ದ್ರವದಿಂದಲೇ ಅದು ಪೋಷಣೆ ಪಡೆಯಬೇಕು. ಕೂತೇ ಇದ್ದರೆ ಈ ಪೋಷಣೆ ತಗ್ಗುತ್ತದೆ, ಜೊತೆಗೆ ತೊಡೆಯ ಮುಂಭಾಗದ ದೊಡ್ಡ ಸ್ನಾಯು ಸೊರಗುತ್ತದೆ. ಊತ ಬಂದ ಮಂಡಿಯಲ್ಲಿ ಇನ್ನೊಂದು ತೊಡಕಿದೆ: ಆ ಸ್ನಾಯುವನ್ನು ಪೂರ್ತಿ ಬಿಗಿಯಲು ನರಮಂಡಲವೇ ಬಿಡುವುದಿಲ್ಲ. ಹೆಜ್ಜೆಯ ಭಾರವನ್ನು ತಡೆದುಕೊಳ್ಳಬೇಕಾದ ಸ್ನಾಯು ಕೈಕೊಟ್ಟರೆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ನೋವು ಹೆಚ್ಚುತ್ತದೆ, ಓಡಾಟ ಇನ್ನೂ ಕಡಿಮೆಯಾಗುತ್ತದೆ. ಫಿಸಿಯೋಥೆರಪಿ ಮುರಿಯುವುದು ಈ ಸುತ್ತನ್ನು. ಸವೆದ ಮೃದ್ವಸ್ಥಿಯನ್ನು ಅದು ಮತ್ತೆ ಬೆಳೆಸುವುದಿಲ್ಲ. ಆದರೆ ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ನೋವಿಗೂ ನೇರ ಲೆಕ್ಕವಿಲ್ಲದ ಕಾರಣ, ಚಿತ್ರ ಬದಲಾಗದೆಯೂ ನೋವು ಇಳಿಯಬಹುದು.

ಶುರು ಮಾಡುವ ಮುನ್ನ ಇದು ಸವೆತದ ನೋವೇ ಎಂದು ಖಚಿತಪಡಿಸಿಕೊಳ್ಳಿ. ಸವೆತದಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಅದಕ್ಕಿಂತ ಬಹಳ ಹೊತ್ತು ಇದ್ದರೆ, ಕೈಬೆರಳಿನ ಕೀಲುಗಳೂ ಊದಿಕೊಂಡಿದ್ದರೆ, ಬೇರೆ ಬಗೆಯ ಸಂಧಿವಾತ ಇರಬಹುದು. ಮಂಡಿ ಕೆಂಪಾಗಿ ಬಿಸಿಯಾಗಿ ಜೊತೆಗೆ ಜ್ವರವಿದ್ದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಮಂಡಿ ಸಿಕ್ಕಿಕೊಂಡು ಬಿಡಿಸಲು ಬಾರದಿದ್ದರೆ, ಅಥವಾ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ವ್ಯಾಯಾಮದ ಯೋಚನೆ ಬಿಟ್ಟು ತಕ್ಷಣ ವೈದ್ಯರ ಬಳಿ ಹೋಗಬೇಕು.

ನೋವಿನ ಅಳತೆಗೋಲು

ಯಾವ ವ್ಯಾಯಾಮ ಎನ್ನುವುದಕ್ಕಿಂತ ಎಷ್ಟು ಎನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಸ್ವಲ್ಪವೂ ನೋವಿಲ್ಲದೆ ಮಾಡಬೇಕು ಎಂದುಕೊಂಡವರಿಗೆ ಭಾರ ಸಾಲದು. ನೋವನ್ನು ಸಹಿಸಿಕೊಂಡರೇ ಫಲ ಎಂದುಕೊಂಡವರು ಮೂರನೇ ದಿನ ಊದಿದ ಮಂಡಿಯೊಂದಿಗೆ ಎಲ್ಲವನ್ನೂ ಬಿಡುತ್ತಾರೆ. ನೋವೇ ಇಲ್ಲದಿದ್ದರೆ 0, ತಾಳಲಾರದ ನೋವಿಗೆ 10 ಎಂದಿಟ್ಟುಕೊಳ್ಳಿ. ವ್ಯಾಯಾಮದ ವೇಳೆ 3-4ರವರೆಗೆ ನೋವು ಬಂದರೆ ಅಡ್ಡಿಯಿಲ್ಲ, ಆದರೆ ಅದು 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವಾಗ ಮಂಡಿ ನಿನ್ನೆಗಿಂತ ಹೆಚ್ಚು ನೋಯುತ್ತಿದ್ದರೆ ಅಥವಾ ಊದಿದ್ದರೆ, ಮುಂದಿನ ಸಲ ಎಣಿಕೆಯನ್ನು ಅರ್ಧಕ್ಕಿಳಿಸಿ. ಪೂರ್ತಿ ನಿಲ್ಲಿಸಬೇಡಿ.

ಮಲಗಿ, ಕೂತು ಮಾಡುವವು

ನೋವು ಜಾಸ್ತಿಯಿರುವಾಗ ಮೊದಲ ಒಂದೆರಡು ವಾರ ಇವುಗಳಿಂದಲೇ ಶುರು ಮಾಡಿ. ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯಿಂದ ಅದನ್ನು ಕೆಳಕ್ಕೆ ಒತ್ತಿ. 5 ಸೆಕೆಂಡ್ ಹಿಡಿದು ಬಿಡಿ. 10 ಸಲ, ದಿನಕ್ಕೆ ಎರಡು ಮೂರು ಬಾರಿ. ತೊಡೆಯ ಮೇಲೆ ಕೈಯಿಟ್ಟು ನೋಡಿದರೆ ಸ್ನಾಯು ಗಟ್ಟಿಯಾಗುವುದು ತಿಳಿಯಬೇಕು. ಗಟ್ಟಿಯಾಗದೆ ಬರೀ ಸೊಂಟ ಮೇಲೇಳುತ್ತಿದ್ದರೆ ಕೆಲಸವಾಗುತ್ತಿರುವುದು ತಪ್ಪು ಜಾಗದಲ್ಲಿ. ಒತ್ತುವಾಗ ಉಸಿರು ಬಿಗಿಹಿಡಿಯಬೇಡಿ, ರಕ್ತದೊತ್ತಡ ಇರುವವರಂತೂ ಬಾಯಲ್ಲಿ ಎಣಿಸುತ್ತ ಮಾಡುವುದೇ ಒಳ್ಳೆಯದು.

ಮುಂದಿನದು ಕಾಲು ಎತ್ತುವುದು. ಅಂಗಾತ ಮಲಗಿ, ಒಂದು ಕಾಲನ್ನು ಮಡಚಿ ಪಾದ ಊರಿ, ಇನ್ನೊಂದನ್ನು ನೇರವಾಗಿಟ್ಟು ಸುಮಾರು 30 ಸೆಂಟಿಮೀಟರ್ ಎತ್ತಿ, 5 ಸೆಕೆಂಡ್ ನಿಲ್ಲಿಸಿ, ನಿಧಾನವಾಗಿ ಇಳಿಸಿ. 10 ಸಲದ ಎರಡು ಸುತ್ತು. ಎತ್ತುವ ಮೊದಲೇ ತೊಡೆಯನ್ನು ಬಿಗಿ ಮಾಡಿಕೊಳ್ಳದಿದ್ದರೆ ಮಂಡಿ ಸ್ವಲ್ಪ ಮಡಚಿಕೊಂಡೇ ಮೇಲೇಳುತ್ತದೆ, ಆಗ ಬೇಕಾದ ಫಲ ಸಿಗದು. ಕಾಲು ಎತ್ತುವಾಗ ಸೊಂಟ ನೋಯುವವರು ಇದನ್ನು ಬಿಟ್ಟು, ಕುರ್ಚಿಯಲ್ಲಿ ಕೂತು ಮಂಡಿಯನ್ನು ನೇರವಾಗಿಸಿ ಹಿಡಿಯಬಹುದು. 10 ಸಲದ ಎರಡು ಸುತ್ತು ಸಲೀಸಾದ ಮೇಲೆ ಪಾದದ ಗಂಟಿನ ಬಳಿ ಅರ್ಧ ಕಿಲೋ ಭಾರ ಕಟ್ಟಿ.

ಬಿಗಿತಕ್ಕೆ ಹಿಮ್ಮಡಿ ಜಾರಿಸುವುದು ಸಾಕು: ಮಲಗಿದಲ್ಲೇ ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಎಳೆದುಕೊಂಡು ಮತ್ತೆ ಚಾಚಿ, 10-15 ಸಲ. ಬೆಳಿಗ್ಗೆ ಎದ್ದು ನಿಲ್ಲುವ ಮೊದಲು ಹಾಸಿಗೆಯಲ್ಲೇ ಮಾಡಿದರೆ ಮೊದಲ ಹೆಜ್ಜೆಗಳ ಕಷ್ಟ ಕಡಿಮೆಯಾಗುತ್ತದೆ.

ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಮಂಡಿ ನೋವಿಗೂ ಸೊಂಟಕ್ಕೂ ಏನು ಸಂಬಂಧ ಎಂಬ ಅನುಮಾನ. ಒಂದೇ ಕಾಲಿನ ಮೇಲೆ ನಿಂತ ಕ್ಷಣದಲ್ಲಿ ಸೊಂಟ ಇನ್ನೊಂದು ಕಡೆಗೆ ಕುಸಿಯದಂತೆ ಹಿಡಿಯುವುದು ಪೃಷ್ಠದ ಪಕ್ಕದ ಸ್ನಾಯುಗಳು. ಅವು ದುರ್ಬಲವಾದರೆ ಮಂಡಿ ಒಳಕ್ಕೆ ವಾಲುತ್ತದೆ. ಎತ್ತಿದ ಕಾಲು ದೇಹಕ್ಕಿಂತ ಮುಂದಕ್ಕೆ ಹೋಗಬಾರದು, ಹಿಮ್ಮಡಿ ಸ್ವಲ್ಪ ಹಿಂದೆಯೇ ಇರಲಿ.

ನಿಂತು ಮಾಡುವವು

ನಿಜವಾದ ಲಾಭ ಇಲ್ಲಿದೆ. ಮಲಗಿ ಮಾಡುವುದರಲ್ಲೇ ತಿಂಗಳುಗಟ್ಟಲೆ ಉಳಿದವರಿಗೆ ಮೆಟ್ಟಿಲು ಹತ್ತುವುದು ಕಷ್ಟವಾಗಿಯೇ ಉಳಿಯುತ್ತದೆ, ಏಕೆಂದರೆ ದೇಹದ ಭಾರ ಹೊರುವುದನ್ನು ಸ್ನಾಯು ಕಲಿತಿರುವುದೇ ಇಲ್ಲ.

ಎಲ್ಲಕ್ಕಿಂತ ಉಪಯುಕ್ತವಾದದ್ದು ಕುರ್ಚಿಯಿಂದ ಎದ್ದು ಕೂರುವುದು. ಕುರ್ಚಿ ಗಟ್ಟಿಯಾಗಿದ್ದು ಗೋಡೆಗೆ ಒರಗಿರಲಿ, ಎತ್ತರ ಸುಮಾರು 45 ಸೆಂಟಿಮೀಟರ್. ಅಷ್ಟು ಕೆಳಗಿನಿಂದ ಏಳುವಾಗ ನೋವು 4 ದಾಟಿದರೆ ಮೇಲೆ ದಿಂಬು ಹಾಕಿ ಎತ್ತರಿಸಿಕೊಳ್ಳಿ. ಅಂಚಿಗೆ ಸರಿದು ಕೂತು, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆಳೆದು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ ಎದ್ದೇಳಿ. ಕೂರುವಾಗ 3 ಸೆಕೆಂಡ್ ತೆಗೆದುಕೊಳ್ಳಿ. ಧೊಪ್ಪನೆ ಕುಸಿದು ಕೂತರೆ ಇಳಿಯುವಾಗಿನ ಅರ್ಧ ವ್ಯಾಯಾಮ ವ್ಯರ್ಥ. ಎರಡು ಮಂಡಿಗಳು ಒಂದಕ್ಕೊಂದು ಹತ್ತಿರವಾಗುತ್ತಿವೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ. ಮಂಡಿ ಕಾಲಿನ ಎರಡನೇ ಬೆರಳಿನ ನೇರದಲ್ಲಿರಬೇಕು. ಮತ್ತೊಂದು ಕಳ್ಳತನ ಗೊತ್ತಿಲ್ಲದೆ ನಡೆಯುತ್ತದೆ: ನೋವಿಲ್ಲದ ಕಾಲೇ ಎಲ್ಲ ಭಾರ ಹೊತ್ತುಬಿಡುತ್ತದೆ. ಹಾಗಾದರೆ ಆ ಪಾದವನ್ನು ಸ್ವಲ್ಪ ಮುಂದಿಡಿ. 8-10 ಸಲ, ಎರಡು ಮೂರು ಸುತ್ತು, ನಡುವೆ ಒಂದು ನಿಮಿಷ ವಿಶ್ರಾಂತಿ.

ಅದಾದ ಮೇಲೆ 10-15 ಸೆಂಟಿಮೀಟರ್ ಎತ್ತರದ ಮೆಟ್ಟಿಲು. ಕೈಹಿಡಿ ಹಿಡಿದು, ನೋಯುವ ಕಾಲನ್ನು ಪೂರ್ತಿ ಮೆಟ್ಟಿಲ ಮೇಲಿಟ್ಟು ಹತ್ತಿ, ಅದೇ ಕಾಲಿನ ಬಲದಲ್ಲಿ ಮೆಲ್ಲಗೆ ಇಳಿಯಿರಿ. ಕೆಳಗಿನ ಕಾಲಿನಿಂದ ನೆಲ ಒದ್ದು ಚಿಮ್ಮಬಾರದು. ಕಡೆಗೆ ಹಿಮ್ಮಡಿ ಎತ್ತಿ ಇಳಿಸುವುದು 15 ಸಲ, ಮೀನಖಂಡ ಮತ್ತು ತೊಡೆಯ ಹಿಂಭಾಗ ಎಳೆಯುವುದು ತಲಾ 30 ಸೆಕೆಂಡ್. ಆಳವಾಗಿ ಕುಕ್ಕರಗಾಲಲ್ಲಿ ಕೂರುವುದನ್ನು ಈ ಹಂತದಲ್ಲಿ ವ್ಯಾಯಾಮವಾಗಿ ಮಾಡಬೇಡಿ. ಮಂಡಿ ಹೆಚ್ಚು ಮಡಚಿದಷ್ಟೂ ಮಂಡಿಚಿಪ್ಪಿನ ಹಿಂದೆ ಒತ್ತಡ ಏರುತ್ತದೆ.

ನಿಂತು ಮಾಡುವವು ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು ಕೊಟ್ಟು. ಬಿಡುವಿನ ದಿನ ನಡಿಗೆ ಅಥವಾ ಸೈಕಲ್. ಸೈಕಲ್ ಸೀಟು ತಗ್ಗಾಗಿದ್ದರೆ ಮಂಡಿ ನೋಯುತ್ತದೆ. ಪೆಡಲ್ ಕೆಳಗಿದ್ದಾಗ ಮಂಡಿ ಅಲ್ಪ ಮಾತ್ರ ಬಾಗಿರಬೇಕು. ನಡಿಗೆಯನ್ನು ಒಂದೇ ಸಲ 40 ನಿಮಿಷ ಮಾಡಲಾಗದವರು 10 ನಿಮಿಷದಂತೆ ಹಂಚಿಕೊಳ್ಳಲಿ. ಬಲ ಬಂದದ್ದು ಗೊತ್ತಾಗಲು 6-8 ವಾರ ಬೇಕು. ಎರಡನೇ ವಾರದಲ್ಲೇ ‘ಏನೂ ಪ್ರಯೋಜನವಿಲ್ಲ’ ಎಂದು ಬಿಡುವುದು ಅವಸರ.

ದಿನದ ಉಳಿದ ಹೊತ್ತು

ಊರುಗೋಲು ನೋಯುವ ಕಾಲಿನ ಎದುರು ಕೈಯಲ್ಲಿರಬೇಕು. ಬಲ ಮಂಡಿ ನೋಯುತ್ತಿದ್ದರೆ ಎಡಗೈಯಲ್ಲಿ. ಕೈ ಇಳಿಬಿಟ್ಟು ನಿಂತಾಗ ಹಿಡಿಕೆ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಉದ್ದವಾದರೆ ಭುಜ ಎತ್ತಿಕೊಳ್ಳುತ್ತದೆ, ಗಿಡ್ಡವಾದರೆ ಬೆನ್ನು ಬಾಗುತ್ತದೆ. ನೋವು ಹೆಚ್ಚಿರುವ ದಿನ ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು.

ಬಿಗಿತಕ್ಕೆ ಶಾಖ, ವ್ಯಾಯಾಮಕ್ಕೆ ಮೊದಲು 15 ನಿಮಿಷ. ಊದಿ ಬಿಸಿಯಾದಾಗ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, 10-15 ನಿಮಿಷ. ಕಾಲಿನಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವ ಮಧುಮೇಹಿಗಳು ಎರಡನ್ನೂ ವೈದ್ಯರನ್ನು ಕೇಳದೆ ಬಳಸಬಾರದು, ಸುಟ್ಟರೂ ತಿಳಿಯುವುದಿಲ್ಲ. ರಾತ್ರಿಯಿಡೀ ಮಂಡಿಯ ಕೆಳಗೆ ದಿಂಬಿಟ್ಟು ಮಲಗುವುದು ಹಿತವೆನಿಸಿದರೂ ಅಭ್ಯಾಸವಾಗಬಾರದು: ಮಡಚಿದ ಸ್ಥಿತಿಯಲ್ಲೇ ಸ್ನಾಯುಗಳು ಕುಗ್ಗಿ, ಮಂಡಿ ಪೂರ್ತಿ ನೇರವಾಗುವುದೇ ನಿಂತುಹೋಗಬಹುದು. ಹಾಗೆ ನೇರವಾಗದ ಮಂಡಿಯ ಮೇಲೆ ನಿಲ್ಲುವುದಕ್ಕೂ ತೊಡೆಯ ಸ್ನಾಯು ಸದಾ ದುಡಿಯಬೇಕು.

ತೂಕ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋದಷ್ಟು ಕಡಿಮೆಯಾಗುತ್ತದೆ. ಯಂತ್ರಗಳ ವಿಷಯಕ್ಕೆ ಬಂದರೆ, ಅಲ್ಟ್ರಾಸೌಂಡ್, ಕರೆಂಟ್ ಚಿಕಿತ್ಸೆಯಂಥವನ್ನು ಸವೆತಕ್ಕೆ ಕೊಡಬೇಡಿ ಎಂದು ಯಾವ ಚಿಕಿತ್ಸೆ ಕೊಡಬೇಕೆಂದು ವೈದ್ಯರಿಗೆ ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯೇ ಹೇಳುತ್ತದೆ. ಮಂಚದ ಮೇಲೆ ಮಲಗಿಸಿ ಯಂತ್ರ ಹಚ್ಚಿ, ವ್ಯಾಯಾಮದ ಚೀಟಿ ಕೈಗಿತ್ತು ಕಳಿಸುವ ಕಡೆ ದುಡ್ಡು ಕೊಡುವ ಬದಲು, ನೀವು ಎದ್ದು ಕೂರುವುದನ್ನು ನಿಂತು ನೋಡಿ ತಿದ್ದುವ ಫಿಸಿಯೋಥೆರಪಿಸ್ಟ್‌ನನ್ನು ಹುಡುಕಿ.

ಮೂರು ತಿಂಗಳಾದ ಮೇಲೆ ನೋವು ಹಿಡಿತಕ್ಕೆ ಬಂದಿದ್ದರೆ ಮಲಗಿ ಮಾಡುವವನ್ನು ಕೈಬಿಡಬಹುದು. ಕುರ್ಚಿ ಮತ್ತು ಮೆಟ್ಟಿಲಿನ ವ್ಯಾಯಾಮಗಳನ್ನು ವಾರಕ್ಕೆ ಎರಡು ದಿನವಾದರೂ ಉಳಿಸಿಕೊಳ್ಳಿ. ಪೂರ್ತಿ ನಿಲ್ಲಿಸಿದರೆ ಗಳಿಸಿದ ಬಲ ಕರಗುತ್ತ ಹೋಗುತ್ತದೆ, ನೋವೂ ಅದರ ಹಿಂದೆಯೇ ಮರಳುತ್ತದೆ.