ಮೊಸರು ತಿಂದ್ರೆ ಸಾಕಾ ಡಾಕ್ಟ್ರೇ?

ಮೂತ್ರಕೋಶದ ಕ್ಯಾನ್ಸರ್ ಗಡ್ಡೆ ಕೆರೆದು ತೆಗೆದ ಮೇಲೆ ಜನ ಮೊದಲು ಕೇಳುವುದು ಪಥ್ಯ. ಈಚೆಗೆ ಪ್ರೋಬಯಾಟಿಕ್, ಅಂದರೆ ಮೊಸರಿನಲ್ಲಿರುವಂಥ ಒಳ್ಳೆಯ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್, ಪುಡಿ ಬಗ್ಗೆಯೂ ಕೇಳುತ್ತಾರೆ. ಮೊದಮೊದಲು ನಾನು "ತಗೊಳ್ಳಿ, ತೊಂದರೆ ಏನಿಲ್ಲ" ಅಂದು ಮುಗಿಸುತ್ತಿದ್ದೆ. ಅದನ್ನೇ ನಂಬಿ ಒಬ್ಬರು ದಿನಾ ಕ್ಯಾಪ್ಸೂಲ್ ನುಂಗಿದರು, ಮೂರು ತಿಂಗಳಿಗೆ ಮಾಡುವ ಸಿಸ್ಟೋಸ್ಕೋಪಿಗೆ (ಮೂತ್ರಕೋಶದೊಳಗೆ ದುರ್ಬೀನು ಹಾಕಿ ನೋಡುವ ಪರೀಕ್ಷೆ) ಬರಲೇ ಇಲ್ಲ. ವರ್ಷ ಬಿಟ್ಟು ಬಂದಾಗ ಮೂತ್ರ ಮತ್ತೆ ಕೆಂಪಗಿತ್ತು. ತಪ್ಪು ನನ್ನದೇ. ಅರ್ಧ ಮಾತು ಹೇಳಿದ್ದೆ.

ಈಗ ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ಹೇಳುತ್ತೇನೆ. ವಿಷಯ ಗಾಳಿಮಾತಲ್ಲ. 2008ರ ಜಪಾನಿನ ಅಧ್ಯಯನದಲ್ಲಿ ಇನ್ನೂರು ಚಿಲ್ಲರೆ ರೋಗಿಗಳಿದ್ದರು. ಗಡ್ಡೆ ತೆಗೆದು ಎಲ್ಲರ ಮೂತ್ರಕೋಶಕ್ಕೂ ಎಪಿರುಬಿಸಿನ್ ಎಂಬ ಕ್ಯಾನ್ಸರ್ ಔಷಧ ಹಾಕಿದರು. ಒಂದು ಗುಂಪಿಗೆ ಜೊತೆಗೆ ಒಂದು ವರ್ಷ ಲ್ಯಾಕ್ಟೋಬ್ಯಾಸಿಲಸ್ ಕೇಸಿ ಎಂಬ ಪ್ರೋಬಯಾಟಿಕ್ ಬ್ಯಾಕ್ಟೀರಿಯಾದ ಪುಡಿ, ನುಂಗಲು. 3 ವರ್ಷದ ಹೊತ್ತಿಗೆ ಗಡ್ಡೆ ಮರಳದವರು ಆ ಗುಂಪಿನಲ್ಲಿ ಶೇ. 74.6, ಇನ್ನೊಂದರಲ್ಲಿ ಶೇ. 59.9. ಆದರೆ ರೋಗ ಬಲಿಯುವುದರಲ್ಲಾಗಲಿ, ಬದುಕುಳಿಯುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಪುಡಿ ಇದ್ದದ್ದು ಔಷಧದ ಜೊತೆಗೆ, ಅದರ ಬದಲಿಗಲ್ಲ. ನಮ್ಮ ಮನೆಯ ಹೆಪ್ಪಿನಲ್ಲಿ ಅದೇ ಬ್ಯಾಕ್ಟೀರಿಯಾ ಇದೆ ಅಂತ ಹೇಗೆ ಹೇಳುವುದು?

ಮಜಾ ಅಂದ್ರೆ, ಗಡ್ಡೆ ಮರಳದಿರಲಿ ಅಂತ ಜೀವಂತ ಬ್ಯಾಕ್ಟೀರಿಯಾವನ್ನು ನಾವೇ ಮೂತ್ರಕೋಶಕ್ಕೆ ಬಿಡುತ್ತೇವೆ. ಮಕ್ಕಳಿಗೆ ತೋಳಿಗೆ ಚುಚ್ಚುವ ಕ್ಷಯದ ಲಸಿಕೆ ಬಿಸಿಜಿಯೇ, ಪ್ರಮಾಣ ಮಾತ್ರ ತುಂಬಾ ಜಾಸ್ತಿ. ಕೆನಡಾದ ವೈದ್ಯ ಅಲ್ವಾರೊ ಮೊರಾಲೆಸ್ 1976ರಲ್ಲಿ ಹೀಗೆ ಬಿಸಿಜಿ ಹಾಕಿದ ಒಂಬತ್ತು ರೋಗಿಗಳ ಅನುಭವ ಬರೆದರು. ಇವತ್ತಿಗೂ ಮೂತ್ರಕೋಶದ ಸ್ನಾಯುವಿಗೆ ಇಳಿಯದ, ಆದರೆ ಅಪಾಯ ಹೆಚ್ಚಿರುವ ಗಡ್ಡೆಗೆ ಅದೇ ಮುಖ್ಯ ಚಿಕಿತ್ಸೆ. ವಾರಕ್ಕೊಂದರಂತೆ ಆರು ಸಲ. ಸಣ್ಣ ಕ್ಯಾತೀಟರ್‌ನಲ್ಲಿ (ಮೂತ್ರನಾಳದ ಕೊಳವೆ) 50 ಮಿ.ಲೀ. ಬಿಟ್ಟು, ಎರಡು ಗಂಟೆ ತಡೆದುಕೊಳ್ಳಿ ಅನ್ನುತ್ತೇನೆ. ಆಮೇಲೆ ಕೂತೇ ಮೂತ್ರ ಮಾಡಬೇಕು, ಕಮೋಡಿಗೆ ಬ್ಲೀಚ್ ಸುರಿಯಬೇಕು. ಆಪರೇಷನ್ ಆಗಿ ಎರಡು ವಾರ ಕಳೆಯದೆ, ಅಥವಾ ಕಣ್ಣಿಗೆ ಕಾಣುವ ರಕ್ತ ಹೋಗುತ್ತಿದ್ದರೆ ಹಾಕುವುದೇ ಇಲ್ಲ. ಗಾಯದ ದಾರಿಯಲ್ಲಿ ಅದು ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಬರುತ್ತದೆ.

ಇದನ್ನು ಕೇಳಿದ ಮೇಲೆ "ಬ್ಯಾಕ್ಟೀರಿಯಾ ತಾನೆ, ಸುಮ್ನೆ ತಗೊಳ್ಳೋಣ" ಅನ್ನುವವರು ಕಡಿಮೆ. ಕಿಡ್ನಿ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರಿಗೆ ಕ್ಯಾಪ್ಸೂಲ್ ಬೇಡವೇ ಬೇಡ ಅನ್ನುತ್ತೇನೆ. ಉಳಿದವರ ಚೀಟಿಯಲ್ಲಿ ಮೊದಲು ಸಿಸ್ಟೋಸ್ಕೋಪಿ ತಾರೀಖು, ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಬೀಡಿ-ಸಿಗರೇಟು ನಿಲ್ಲಿಸಿ ಅಂತ. ಮೊಸರನ್ನ ಚೀಟಿಯಲ್ಲಿ ಬರೆಯುವುದಿಲ್ಲ, ಅದನ್ನು ಅವರು ಹೇಗಿದ್ರೂ ಉಣ್ಣುತ್ತಾರೆ.