ನಾರ್ವೆಯ ದಾರಿಯಲ್ಲಿ ರಾತ್ರಿ ಎಲ್ಲಿ ತಂಗಬೇಕು: ಕಾರಿನಲ್ಲಿ ಉತ್ತರದ ದೇಶಗಳನ್ನು ನೋಡಹೊರಟವರಿಗೆ

ನಮ್ಮ ಸೀಮೆಗೆ ಬಂದ ಪ್ರವಾಸಿಯೊಬ್ಬರು ಹುಬ್ಬಳ್ಳಿಯ ಸ್ಟೇಷನ್ ಹತ್ತಿರದ ಲಾಡ್ಜಿನಲ್ಲಿ ಉಳಿದು, ಬೆಳಿಗ್ಗೆ ಲಕ್ಕುಂಡಿಗೆ ಹೋಗಿ ಸಂಜೆ ಮರಳಿದರೆ ಗುಡಿಗಳನ್ನು ನೋಡಿದಂತಾಗುತ್ತದೆ, ಸೀಮೆಯನ್ನು ನೋಡಿದಂತಾಗುವುದಿಲ್ಲ. ಅವರೇ ಗದಗ ಸುತ್ತಿನ ಯಾವುದಾದರೂ ಹಳ್ಳಿಯಲ್ಲಿ, ಜೋಳ ತೆನೆಗಟ್ಟಿದ ದಿನಗಳಲ್ಲಿ, ಹಕ್ಕಿ ಕಾಯಲು ಹೊಲದಲ್ಲಿ ಕಟ್ಟಿದ ಅಟ್ಟಣಿಗೆಯ ಮೇಲೆ ಒಂದು ರಾತ್ರಿ ಮಲಗಿ ಎದ್ದರೆ ಎರೆನೆಲದ ಚಳಿ, ಗಾಳಿ, ಜನರ ದುಡಿಮೆ ಎಲ್ಲವೂ ಅವರಿಗೆ ತಿಳಿಯುತ್ತವೆ. ನಾರ್ವೆ, ಸ್ವೀಡನ್, ಫಿನ್ಲೆಂಡ್, ಐಸ್ಲೆಂಡ್‌ಗಳಲ್ಲಿ ಕಾರಿನಲ್ಲಿ ತಿರುಗುವಾಗ ತಂಗುವ ಜಾಗವನ್ನು ಇದೇ ದೃಷ್ಟಿಯಿಂದ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ನೆಲದ ಕೆಲಸಕ್ಕಾಗಿಯೋ ಹವೆಗಾಗಿಯೋ ಹುಟ್ಟಿಕೊಂಡ ಮನೆಗಳನ್ನು ಮೊದಲು ಗುರುತಿಸಿ, ಆಮೇಲೆ ಅವುಗಳನ್ನು ಜೋಡಿಸುವ ರಸ್ತೆಯನ್ನು ಹುಡುಕಬೇಕು.

ಇಂಥ ಮನೆಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಉತ್ತರ ನಾರ್ವೆಯ ಲೋಫೋಟೆನ್ ದ್ವೀಪಗಳ ರೋರ್ಬು, ಅಂದರೆ ಬೆಸ್ತರ ಮನೆ. ಈ ಹೆಸರಿನಲ್ಲಿ ಹುಟ್ಟು ಹಾಕುವುದು ಮತ್ತು ವಾಸಿಸುವುದು ಎಂಬ ಎರಡು ಅರ್ಥಗಳು ಸೇರಿವೆ. ಜನವರಿಯಿಂದ ಏಪ್ರಿಲ್‌ವರೆಗೆ ಕಾಡ್ ಮೀನು ಮೊಟ್ಟೆಯಿಡಲು ಈ ದ್ವೀಪಗಳ ಕಡೆಗೆ ಬರುವಾಗ, ದೂರದ ಊರುಗಳಿಂದ ದೋಣಿಯಲ್ಲಿ ಬಂದ ಬೆಸ್ತರು ಇಲ್ಲಿ ತಂಗುತ್ತಿದ್ದರು. ಸುಮಾರು 1120ರಲ್ಲಿ ರಾಜ ಓಯ್ಸ್ಟೈನ್ ಅವರಿಗಾಗಿ ಇಂಥ ಮನೆಗಳನ್ನು ಕಟ್ಟಿಸಿದನೆಂದು ಅಲ್ಲಿನ ಚರಿತ್ರೆ ಹೇಳುತ್ತದೆ. ಕೆಂಪು ಬಣ್ಣದ ಈ ಮರದ ಮನೆಗಳ ಅರ್ಧ ಭಾಗ ಬಂಡೆಯ ಮೇಲೆ, ಅರ್ಧ ಭಾಗ ನೀರಿನಲ್ಲಿ ನೆಟ್ಟ ಕಂಬಗಳ ಮೇಲೆ ನಿಂತಿರುತ್ತದೆ. ನಾವು ಐವರು ಜೂನ್ ತಿಂಗಳಲ್ಲಿ ಅಲ್ಲಿ ಎರಡು ರಾತ್ರಿ ಉಳಿದಿದ್ದೆವು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿದ್ದಾಗಲೂ ಎದುರಿನ ಗುಡ್ಡದ ತುದಿಯಲ್ಲಿ ಬಿಸಿಲಿತ್ತು. ಅವ್ವ ಹೊರಗಿನ ಹಲಗೆಕಟ್ಟೆಯ ಮೇಲೆ ಕೂತು, ಧಾರವಾಡದಿಂದ ತಂದ ಕಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಒಬ್ಬೊಬ್ಬರಿಗೆ ಕೊಡುತ್ತಿದ್ದಳು. ಹಲಗೆಗಳ ಸಂದಿಯಲ್ಲಿ ನೋಡಿದರೆ ಇಳಿತದ ನೀರು ಮೆಲ್ಲಗೆ ಹಿಂದೆ ಸರಿಯುತ್ತಿತ್ತು, ಕಂಬಗಳಿಗೆ ಅಂಟಿದ ಪಾಚಿ ಗೇಣುಗೇಣಾಗಿ ಹೊರಬೀಳುತ್ತಿತ್ತು. ಆ ಹೊತ್ತನ್ನು ಯಾವ ಊರಿನ ಹೋಟೆಲ್ ಕೋಣೆಯೂ ನಮಗೆ ಕೊಡುತ್ತಿರಲಿಲ್ಲ.

ಆದರೆ ಈಗ ಹೊಸದಾಗಿ ಕಟ್ಟಿದ ಸಾಲುಮನೆಗಳಿಗೂ ರೋರ್ಬು ಎಂದೇ ಹೆಸರಿಡುತ್ತಾರೆ. ಆದ್ದರಿಂದ ಬುಕ್ ಮಾಡುವ ಮೊದಲು ಮನೆ ಹಳೆಯದೇ, ನೀರಿನ ಮೇಲೆಯೇ ಇದೆಯೇ ಎಂದು ಕೇಳಿ ತಿಳಿಯಬೇಕು. ವಸಂತದಲ್ಲಿ ಹೋಗುವವರಿಗೆ ಇನ್ನೊಂದು ಮಾತು: ಆಗ ಮರದ ಚೌಕಟ್ಟುಗಳ ಮೇಲೆ ಸಾವಿರಾರು ಮೀನುಗಳನ್ನು ಒಣಗಲು ತೂಗುಹಾಕಿರುತ್ತಾರೆ, ಅದರ ವಾಸನೆ ಊರೆಲ್ಲ ಹರಡಿರುತ್ತದೆ. ಶಾಕಾಹಾರಿಗಳಿರುವ ಕುಟುಂಬಕ್ಕೆ ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ತಂಗುವ ಜಾಗಕ್ಕೂ ತಿಂಗಳಿಗೂ ಇರುವ ಸಂಬಂಧವನ್ನು ಮರೆತು ಹಣ ಕಳೆದುಕೊಳ್ಳುವವರು ಬಹಳ. ಫಿನ್ಲೆಂಡಿನ ಉತ್ತರ ಭಾಗವಾದ ಲ್ಯಾಪ್ಲೆಂಡಿನಲ್ಲಿ ಗಾಜಿನ ಛಾವಣಿಯ ಗುಡಿಸಲುಗಳಿವೆ. ಉತ್ತರದ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಧ್ರುವಪ್ರಭೆ, ಮಲಗಿದಲ್ಲಿಂದಲೇ ಕಾಣಲಿ ಎಂಬುದೇ ಅವುಗಳ ಉದ್ದೇಶ. ಕತ್ತಲೆಯೇ ಇಲ್ಲದ ಜೂನ್ ತಿಂಗಳಲ್ಲಿ ಅದಕ್ಕಾಗಿ ದುಬಾರಿ ಬಾಡಿಗೆ ಕೊಡುವುದರಲ್ಲಿ ಅರ್ಥವಿಲ್ಲ. ಆಗಸ್ಟ್ ಕೊನೆಯಿಂದ ಮಾರ್ಚ್ ಮುಗಿಯುವವರೆಗೆ ಅವು ಸಾರ್ಥಕ. ಸ್ವೀಡನ್ನಿನ ಯುಕ್ಕಾಸ್ಯಾರ್ವಿಯಲ್ಲಿ 1989ರಿಂದ ಬೆಳೆದುಬಂದ ಹಿಮದ ಹೋಟೆಲನ್ನು ಟೋರ್ನೆ ನದಿಯ ಮಂಜುಗಡ್ಡೆಯಿಂದ ಪ್ರತಿ ಚಳಿಗಾಲ ಹೊಸದಾಗಿ ಕಟ್ಟುತ್ತಾರೆ. ಒಳಗೆ ಸೊನ್ನೆಗಿಂತ ಸುಮಾರು ಐದು ಡಿಗ್ರಿ ಕೆಳಗಿನ ಚಳಿ ಇರುವುದರಿಂದ ಒಂದು ರಾತ್ರಿ ಅಲ್ಲಿ ಮಲಗಿ, ಉಳಿದ ರಾತ್ರಿಗಳನ್ನು ಪಕ್ಕದ ಬೆಚ್ಚಗಿನ ಕೋಣೆಯಲ್ಲಿ ಕಳೆಯುವುದು ಲೇಸು. ಬೇಸಿಗೆಯಲ್ಲಿ ಸ್ವೀಡನ್ನಿನ ಉತ್ತರಕ್ಕೆ ಹೋಗುವವರು ಹಾರಾಡ್ಸ್ ಎಂಬ ಹಳ್ಳಿಯ ಮರದ ಮೇಲಿನ ಕೋಣೆಗಳನ್ನು ನೋಡಬಹುದು. 2010ರಲ್ಲಿ ಆರಂಭವಾದ ಆ ಹೋಟೆಲಿನ ಒಂದು ಕೋಣೆ ನಾಲ್ಕು ಮೀಟರ್ ಅಳತೆಯ ಕನ್ನಡಿ ಪೆಟ್ಟಿಗೆ, ಸುತ್ತಲ ಕಾಡೆಲ್ಲ ಅದರ ಮೈಯಲ್ಲಿ ಮೂಡಿರುತ್ತದೆ.

ಲೋಫೋಟೆನ್‌ನಲ್ಲಿ ಮೇ ಕೊನೆಯಿಂದ ಜುಲೈ ನಡುವಿನವರೆಗೆ ಸೂರ್ಯ ಮುಳುಗುವುದಿಲ್ಲವಾದ್ದರಿಂದ, ಕಿಟಕಿಗೆ ಬೆಳಕು ತಡೆಯುವ ದಪ್ಪ ಪರದೆ ಇದೆಯೇ ಎಂದು ವಿಚಾರಿಸುವುದನ್ನು ಸಣ್ಣ ವಿಷಯವೆಂದು ಬಿಡಬೇಡಿ. ಹಿರಿಯರ ನಿದ್ದೆ ಕೆಟ್ಟರೆ ಮರುದಿನದ ಪ್ರಯಾಣವೇ ಕೆಡುತ್ತದೆ.

ಫ್ಯೋರ್ಡ್ ಎಂದರೆ ಎತ್ತರದ ಗುಡ್ಡಗಳ ನಡುವೆ ಒಳನಾಡಿಗೆ ಚಾಚಿದ ಕಿರಿದಾದ ಕಡಲತೋಳು. ಅದರ ದಂಡೆಯಲ್ಲಿ ಮನೆ ಆರಿಸುವಾಗ ನಾವು ಒಂದು ಪಾಠ ಕಲಿತೆವು. ನಮ್ಮ ಮೊದಲ ರಾತ್ರಿಯ ಮನೆಯ ಚಿತ್ರದಲ್ಲಿ ನೀರು ತುಂಬಾ ಚೆನ್ನಾಗಿ ಕಂಡಿತ್ತು. ಹೋಗಿ ನೋಡಿದರೆ ನೀರಿಗೂ ಮನೆಗೂ ನಡುವೆ ಹೆದ್ದಾರಿ ಹಾದುಹೋಗಿತ್ತು, ಬೆಳಗಿನವರೆಗೆ ಲಾರಿಗಳ ಸದ್ದು. ಮೇಲಾಗಿ ಮನೆ ದಕ್ಷಿಣ ದಂಡೆಯಲ್ಲಿತ್ತು, ಬೆನ್ನಿಗಿದ್ದ ಎತ್ತರದ ಗುಡ್ಡ ದಿನದ ಬಹುಪಾಲು ಬಿಸಿಲನ್ನು ತಡೆಯುತ್ತಿತ್ತು. ಆಮೇಲಿಂದ ಪ್ರತಿ ಮನೆಯನ್ನೂ ಉಪಗ್ರಹ ನಕ್ಷೆಯಲ್ಲಿ ತೆರೆದು, ರಸ್ತೆ ಎಲ್ಲಿದೆ, ಗುಡ್ಡ ಯಾವ ಕಡೆಗಿದೆ ಎಂದು ನೋಡಿದ ಮೇಲೆಯೇ ಹಣ ಕಟ್ಟಿದೆವು. ಪೂರ್ವ-ಪಶ್ಚಿಮವಾಗಿ ಹರಿದ ಫ್ಯೋರ್ಡಿನ ಉತ್ತರ ದಂಡೆಗೆ, ದಕ್ಷಿಣಕ್ಕೆ ಮುಖ ಮಾಡಿದ ಮನೆಗೆ, ಬಿಸಿಲು ಹೆಚ್ಚು ಹೊತ್ತು ಬೀಳುತ್ತದೆ.

ಊರಿನ ಆಯ್ಕೆಯೂ ಇಷ್ಟೇ ಮುಖ್ಯ. ಫ್ಯೋರ್ಡ್ ದಂಡೆಯ ಗೈರಾಂಗರ್‌ನಂಥ ಹೆಸರಾದ ಊರಿನಲ್ಲಿ ಹಗಲೆಲ್ಲ ಪ್ರವಾಸಿ ಹಡಗುಗಳ ಜನ ತುಂಬಿರುತ್ತಾರೆ, ಸಂಜೆಗೆ ಊರು ಖಾಲಿಯಾಗುತ್ತದೆ. ಅಲ್ಲಿ ಉಳಿದವರಿಗೆ ಮಾತ್ರ ಆ ನಿಶ್ಶಬ್ದ ಸಿಗುತ್ತದೆ. ಪಶ್ಚಿಮ ನಾರ್ವೆಯ ಔರ್ಲಾಂಡ್ ಊರಿನಲ್ಲಿ ಉಳಿದರೆ ಫ್ಯೋರ್ಡಿನಿಂದ 650 ಮೀಟರ್ ಎತ್ತರದ ಸ್ಟೇಗಾಸ್ಟೈನ್ ನೋಟಕಟ್ಟೆಗೆ ಬಸ್ಸುಗಳೆಲ್ಲ ಹೋದ ಮೇಲೆ ಹತ್ತಬಹುದು, ಮರುದಿನ 24.5 ಕಿಲೋಮೀಟರ್ ಉದ್ದದ ಲೇರ್ಡಾಲ್ ಸುರಂಗವನ್ನು ಬಿಟ್ಟು ಬೇಸಿಗೆಯ ಮೊದಲಲ್ಲಿ ಇಕ್ಕೆಲಗಳಲ್ಲೂ ಹಿಮದ ಗೋಡೆಗಳಿರುವ ಹಳೆಯ ಗುಡ್ಡದ ರಸ್ತೆಯಲ್ಲಿ ಸಾಗಬಹುದು. ಆ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ ಎಂಬುದು ನೆನಪಿರಲಿ.

ಒಂದೇ ರಾತ್ರಿಗೆಂದು ಎಲ್ಲಿಯೂ ಇಳಿಯಬೇಡಿ. ಸಾಧ್ಯವಾದಷ್ಟು ಎರಡು ರಾತ್ರಿ ಇರಲಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದೇ ಓಟದಲ್ಲಿ ಹೋಗಿ ರೂಢಿಯಾದ ನಮಗೆ ದಿನಕ್ಕೆ 250 ಕಿಲೋಮೀಟರ್ ಕಡಿಮೆ ಎನ್ನಿಸುತ್ತದೆ. ಅಲ್ಲಿ ಹಾಗಲ್ಲ. ಊರ ಹೊರಗಿನ ಸಾಮಾನ್ಯ ವೇಗಮಿತಿಯೇ ಗಂಟೆಗೆ 80 ಕಿಲೋಮೀಟರ್, ನಡುನಡುವೆ ಫೆರಿಗಾಗಿ ಕಾಯುವುದಿರುತ್ತದೆ, ಮತ್ತು ಪಶ್ಚಿಮ ನಾರ್ವೆಯ ರಸ್ತೆ ಎಂದರೆ ನಮ್ಮ ಅರೆಬೈಲು ಘಟ್ಟವೇ ಇಡೀ ದಿನ ಮುಂದುವರಿದಂತೆ. ಕೊನೆಯ ಫೆರಿ ಎಷ್ಟು ಹೊತ್ತಿಗೆ ಎಂದು ತಿಳಿಯದೆ ಆಚೆ ದಂಡೆಯಲ್ಲಿ ಮನೆ ಹಿಡಿಯುವುದು ತಪ್ಪು.

ಈ ದೇಶಗಳೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ತಂಗುವ ಜಾಗಗಳ ದಾಖಲೆ ಕೇಳುತ್ತಾರೆ, ಮತ್ತು ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕು. ಆದ್ದರಿಂದ ರದ್ದು ಮಾಡಿದರೆ ಹಣ ಮರಳುವ ಬುಕಿಂಗ್‌ಗಳನ್ನೇ ಮೊದಲು ಮಾಡಿ, ವೀಸಾ ಕೈಸೇರಿದ ಮೇಲೆ ಉಳಿದುದನ್ನು ಗಟ್ಟಿಮಾಡಿಕೊಳ್ಳಿ. ಜುಲೈ ಅಲ್ಲಿನವರ ರಜೆಯ ತಿಂಗಳಾದ್ದರಿಂದ ರೋರ್ಬುಗಳು ಮತ್ತು ಕಡಲದಂಡೆಯ ಲೈಟ್‌ಹೌಸ್‌ಗಳಲ್ಲಿ ತಂಗಲು ಕೊಡುವ ಮನೆಗಳು ಬಹಳ ಮೊದಲೇ ತುಂಬುತ್ತವೆ.

ಖರ್ಚು ಕಡಿಮೆ ಮಾಡಬೇಕೆನ್ನುವವರು ಎರಡು ವಿಶೇಷ ರಾತ್ರಿಗಳ ನಡುವೆ ಕ್ಯಾಂಪಿಂಗ್ ಜಾಗದ ಸಣ್ಣ ಮರದ ಮನೆಯಲ್ಲಿ ಉಳಿಯಬಹುದು. ನಾರ್ವೆಯವರು ಅದನ್ನು ಹಿಟ್ಟೆ ಎನ್ನುತ್ತಾರೆ. ನಾರ್ವೆಯಲ್ಲಿ ಉಳುಮೆಯಿಲ್ಲದ ಬಯಲು ನೆಲದಲ್ಲಿ ಡೇರೆ ಹಾಕುವುದಕ್ಕೂ ಕಾನೂನಿನ ಒಪ್ಪಿಗೆಯಿದೆ: ಜನವಸತಿಯ ಮನೆಯಿಂದ 150 ಮೀಟರ್ ದೂರವಿರಬೇಕು, ಒಂದೇ ಜಾಗದಲ್ಲಿ ಅನುಮತಿಯಿಲ್ಲದೆ ಎರಡು ರಾತ್ರಿಗಿಂತ ಹೆಚ್ಚು ಇರಬಾರದು. ಐಸ್ಲೆಂಡಿನಲ್ಲಿ ಮಾತ್ರ ಕಂಡಲ್ಲಿ ವ್ಯಾನ್ ನಿಲ್ಲಿಸಿ ಮಲಗುವಂತಿಲ್ಲ. ಫಿನ್ಲೆಂಡಿನಲ್ಲಾದರೆ ಕೆರೆಯ ದಂಡೆಯಲ್ಲಿ ಕಟ್ಟಿಗೆ ಉರಿಸುವ ಸೌನಾ, ಅಂದರೆ ಬಿಸಿ ಹಬೆಯ ಸ್ನಾನದ ಕೋಣೆ, ಇರುವ ಮನೆಯನ್ನೇ ಹುಡುಕಿ. ಆ ಸೌನಾ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ.

ಅಡುಗೆಮನೆ ಇರುವ ಜಾಗವನ್ನೇ ಆರಿಸಿದರೆ ನಮ್ಮ ಊಟದ ಚಿಂತೆ ಅರ್ಧ ತೀರಿದಂತೆ. ಕಡಕ್ ರೊಟ್ಟಿ, ಚಟ್ನಿಪುಡಿ, ಅಕ್ಕಿ, ಬೇಳೆ ಸಾಕು. ಹೊರದೇಶದ ಹಾಲಿನ ಪದಾರ್ಥಗಳಿಗೆ ಅಲ್ಲಿ ನಿಷೇಧವಿರುವುದರಿಂದ ಪೇಡೆ, ತುಪ್ಪಗಳನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ನಾರ್ವೆಯಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತರಕಾರಿ ತಂದಿಟ್ಟುಕೊಳ್ಳಿ. ಹಿಟ್ಟೆಗಳಲ್ಲಿ ಹಾಸಿಗೆ ಇದ್ದರೂ ಹೊದಿಕೆ, ಚಾದರ ಅನೇಕ ಕಡೆ ಬಾಡಿಗೆಗೆ ಬೇರೆಯಾಗಿ ಸಿಗುತ್ತವೆ ಅಥವಾ ನೀವೇ ತರಬೇಕಾಗುತ್ತದೆ. ಸ್ವಚ್ಛತೆಯ ಹಣ ಕಟ್ಟದಿದ್ದರೆ ಬಿಡುವ ದಿನ ನೆಲ ಗುಡಿಸಿ, ಒರೆಸಿ, ಪಾತ್ರೆ ತೊಳೆದಿಟ್ಟು ಹೋಗುವುದು ಅಲ್ಲಿನ ಪದ್ಧತಿ. ಹೊರಡುವ ಬೆಳಿಗ್ಗೆ ಅದಕ್ಕೆಂದೇ ಒಂದು ತಾಸು ಇಟ್ಟುಕೊಂಡು ಫೆರಿಯ ಸಮಯ ಹಾಕಿಕೊಳ್ಳಿ.